ತೋನ್ಸೆಪಾರಿನ ಕಡಲಿನಲ್ಲಿ ಒಂದು ಬೆಳಗು

ಬಯಲುಸೀಮೆಯ ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಸಮುದ್ರವೆಂಬುದು ಬಹುಕಾಲ ಬರಿಯ ಶಬ್ದವಾಗಿಯೇ ಇತ್ತು. ಶರಣರ ವಚನಗಳಲ್ಲಿ ತೆರೆ, ನೊರೆ, ತಡಿ, ಹಡಗು, ಮುತ್ತು ಎಂಬ ಮಾತುಗಳು ಮೇಲಿಂದ ಮೇಲೆ ಬರುತ್ತವೆ. ಬೆಳಗಿನ ಜಾವ ಎದ್ದು, ವಿಭೂತಿ ಧರಿಸಿ, ಸಾಲಾಗಿ ಕುಳಿತು ಅವನ್ನು ಕಂಠಪಾಠ ಮಾಡುತ್ತಿದ್ದ ವಟುಗಳಲ್ಲಿ ಕಡಲನ್ನು ಕಂಡವನು ಒಬ್ಬನೂ ಇರಲಿಲ್ಲ. ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ ಊರ ಮುಂದಣ ಕೆರೆ. ಅದೂ ಬೇಸಗೆಯಲ್ಲಿ ಬತ್ತಿ, ತಳದ ಎರೆಮಣ್ಣು ಬಿರುಕುಬಿಟ್ಟು, ಯಾರೋ ಅಳತೆಗೋಲು ಹಿಡಿದು ಕೊರೆದಂತೆ ಐದು ಮೂಲೆ ಆರು ಮೂಲೆಗಳ ಹೆಂಟೆಗಳಾಗಿ ನಿಲ್ಲುತ್ತಿತ್ತು. ಆ ಬಿರುಕುಗಳ ನೆನಪು ಮುಂದೊಂದು ದಿನ ಕಡಲ ನಡುವೆ ನಮ್ಮ ಕೈಹಿಡಿದೀತೆಂದು ಆಗ ಯಾರು ಬಲ್ಲರು!

೧೯೭೯ರಲ್ಲಿ ಪ್ರಸಾದನಿಲಯದ ವಿದ್ಯಾರ್ಥಿಗಳಾಗಿ ಕರಾವಳಿಯ ಪ್ರವಾಸಕ್ಕೆ ಬಂದಾಗ ಮೊದಲ ಸಲ ಕಡಲನ್ನು ಕಂಡೆವು. ಅದೇ ದಿನ ಸಂಜೆ ನಮ್ಮ ಸಹಪಾಠಿಯೊಬ್ಬನನ್ನು ಅದು ಒಯ್ದುಬಿಟ್ಟಿತು. ಅವನು ನಮ್ಮೆಲ್ಲರಲ್ಲಿ ಒಳ್ಳೆಯ ಈಜುಗಾರ. ತೋಟದ ಬಾವಿಯ ಕಟ್ಟೆಯಿಂದ ಹಾರಿ, ತಳದ ಕೆಸರನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಬರುತ್ತಿದ್ದವನು. ಈಜು ಬಾರದ ನಾವು ಮೊಣಕಾಲುದ್ದದ ನೀರಿನಲ್ಲಿ ಉಳಿದೆವು. ಈಜು ಬಲ್ಲ ಅವನು ಮುಂದೆ ಹೋದನು. ಸ್ವಲ್ಪ ಹೊತ್ತಿನಲ್ಲಿ ಅವನು ದಡದತ್ತ ಮುಖಮಾಡಿ ಈಜುತ್ತಿದ್ದುದನ್ನು ನಾವೆಲ್ಲ ಕಂಡೆವು. ಈಜುತ್ತಲೇ ಇದ್ದನು, ಈಜುತ್ತಲೇ ದೂರವಾಗುತ್ತಿದ್ದನು. ಅದು ಹೇಗೆ ಸಾಧ್ಯವೆಂಬುದು ನಮಗೆ ತಿಳಿಯಲಿಲ್ಲ. ತಿಳಿಸುವವರೂ ದಡದಲ್ಲಿ ಇರಲಿಲ್ಲ. ಆಮೇಲೆ ನಮ್ಮ ನಿಲಯದಿಂದ ಕಡಲತೀರದ ಪ್ರವಾಸವೇ ನಿಂತುಹೋಯಿತು. ನಾವಂತೂ ನಲವತ್ತೈದು ವರ್ಷಗಳ ಕಾಲ ಪಾದ ತೋಯುವುದಕ್ಕಿಂತ ಹೆಚ್ಚಿಗೆ ಉಪ್ಪುನೀರಿಗೆ ಇಳಿದವರಲ್ಲ.

ಇಷ್ಟನ್ನು ಮೊದಲೇ ಹೇಳಿದುದು, ೨೦೨೫ರ ಜನವರಿಯಲ್ಲಿ ನಾವು ಸಮುದ್ರದಲ್ಲಿ ಕಯಾಕು ಹುಟ್ಟುಹಾಕಿ, ನೀರಿನೊಳಗೆ ಮುಖವಿಟ್ಟು ಮೀನು ನೋಡಿಬಂದೆವೆಂದರೆ ಓದುಗ ಬಂಧುಗಳು ಅದನ್ನು ಸಾಹಸದ ಹಂಬಲವೆಂದು ಎಣಿಸಬಾರದೆಂದು. ನಮ್ಮನ್ನು ಅಲ್ಲಿಗೆ ಎಳೆದವರು ಮಕ್ಕಳು. ಮಂಗಳೂರಿನಲ್ಲಿ ನಮ್ಮ ಸಮಾಜದ ಮನೆಗಳು ಬಹಳವಿಲ್ಲ. ೧೯೬೦ರಲ್ಲಿ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಬಳಿಕ, ೧೯೭೫ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ತೆರೆದ ಬಳಿಕ, ಬ್ಯಾಂಕುಗಳ ಉದ್ಯೋಗ ನಿಮಿತ್ತವಾಗಿಯೂ ಧಾರವಾಡ, ವಿಜಯಪುರ, ದಾವಣಗೆರೆಗಳ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳೇ ಹೆಚ್ಚು. ತಂದೆತಾಯಿಗಳ ಮಾತಿನಲ್ಲಿ ಇನ್ನೂ ಜೋಳದ ಹೊಲದ ಸೊಗಡಿದೆ; ಮಕ್ಕಳು ಮಾತ್ರ ಬೀದಿಯಲ್ಲಿ ತುಳುವಿನಲ್ಲಿ ಜಗಳವಾಡುತ್ತಾರೆ. ಈ ಮನೆಗಳಲ್ಲಿ ನಡೆಯುವ ವಾರದ ವಚನಗೋಷ್ಠಿಗೆ ನಾವು ಹೋಗುತ್ತೇವೆ. ಅಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬನು ಒಂದು ದಿನ, "ಸಂಸಾರಸಾಗರ ಸಂಸಾರಸಾಗರ ಎಂದು ಹೇಳುತ್ತೀರಿ, ನಿಜವಾದ ಸಾಗರಕ್ಕೆ ನಮ್ಮನ್ನು ಯಾಕೆ ಬಿಡುವುದಿಲ್ಲ?" ಎಂದು ಕೇಳಿದನು. ಸಭೆ ನಕ್ಕಿತು. ನಮಗೆ ಉತ್ತರ ಹೊಳೆಯಲಿಲ್ಲ.

ಬಿಡದಿರುವುದಕ್ಕೆ ಕಾರಣವಿತ್ತು. ೨೦೨೪ರ ಡಿಸೆಂಬರ್ ೧೦ರಂದು ಮುರುಡೇಶ್ವರದ ಕಡಲತೀರದಲ್ಲಿ, ಕೋಲಾರ ಜಿಲ್ಲೆಯ ವಸತಿಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ೨೦೨೨ರ ಏಪ್ರಿಲಿನಲ್ಲಿ, ನಾವು ಹೋಗಬೇಕೆಂದಿದ್ದ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲೇ, ಕೇರಳದಿಂದ ಬಂದ ಕಾಲೇಜು ವಿದ್ಯಾರ್ಥಿಗಳು ಅಲೆಗೆ ಸಿಕ್ಕು ಮಡಿದರು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಆಗುವುದು ಒಂದೇ: ಕಡಲೆಂದರೆ ಬೇಡ ಎಂಬ ಮಾತು ಇನ್ನಷ್ಟು ಬಿಗಿಯಾಗುತ್ತದೆ. ಬಿಗಿಯಾದ ಮಾತು ಹರೆಯದ ಮಕ್ಕಳ ಬಳಿ ಎಷ್ಟು ದಿನ ನಿಂತೀತು? ಮನೆಯಲ್ಲಿ ಕೇಳದೆ, ಗೆಳೆಯರೊಡನೆ, ಯಾವುದೋ ಸಂಜೆ ಇಳಿಯುವ ಮಕ್ಕಳಿಗೆ ನೀರಿನ ಗುಣವನ್ನು ಹೇಳಿಕೊಟ್ಟವರು ಯಾರೂ ಇರುವುದಿಲ್ಲ. ಬಲ್ಲವನೊಬ್ಬನ ಕೈಕೆಳಗೆ, ತಾಯಿತಂದೆಯರ ಕಣ್ಣೆದುರಿಗೆ, ಒಮ್ಮೆ ಇಳಿಸುವುದೇ ಲೇಸೆಂದು ಕೊನೆಗೆ ತೀರ್ಮಾನವಾಯಿತು. ಬಾಲಕನ ತಾಯಿ ಒಂದು ಷರತ್ತು ಹಾಕಿದರು: "ಅಜ್ಜಾರು ಬರುವುದಾದರೆ ನಾನೂ ಬರುತ್ತೇನೆ." ಅಜ್ಜಾರು ಎಂದರೆ ನಾವು. ತಪ್ಪಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಹೊರಡುವ ಮುನ್ನ ಮನೆಯ ಹಿರಿಯ ತಾಯಿಯೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಅದು ನಮ್ಮ ಮನೆಗಳಿಗೇ ವಿಶೇಷವಾದುದು. ಕೊರಳಲ್ಲಿ ಇಷ್ಟಲಿಂಗ ಧರಿಸಿದವರು ಸಮುದ್ರಕ್ಕೆ ಇಳಿಯುವುದು ಹೇಗೆ? ಅಲೆ ಬಡಿದು ಶಿವದಾರ ಹರಿದರೆ ಗತಿಯೇನು? ತೆಗೆದು ಚೀಲದಲ್ಲಿಟ್ಟು ಇಳಿಯೋಣವೆಂದರೆ ಅಂಗದಿಂದ ಅಗಲಿಸಿದಂತಾಯಿತು. ನಾವು ನಮ್ಮ ಅಲ್ಪಮತಿಗೆ ತೋಚಿದುದನ್ನು ಹೇಳಿದೆವು. ನಿತ್ಯ ಅಭಿಷೇಕದ ನೀರನ್ನು ಕಂಡ ಲಿಂಗಕ್ಕೆ ನೀರಿನಿಂದ ಕೇಡಿಲ್ಲ. ಕಳೆದುಹೋಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಹೊಣೆ. ಹಳೆಯ ದಾರವನ್ನು ಬಿಟ್ಟು ಹೊಸ ದಾರವನ್ನು ಎರಡೆಳೆ ಮಾಡಿ, ಕರಡಿಗೆಯನ್ನು ಪಾವುಡದಲ್ಲಿ ಸುತ್ತಿ, ಎದೆಗೆ ಅಂಟುವಂತೆ ಒಳಗಿನ ಬನಿಯನಿಗೆ ಹೊಲಿದ ಕಿಸೆಯಲ್ಲಿಟ್ಟು, ಅದರ ಮೇಲೆ ಜೀವರಕ್ಷಕ ಜಾಕೀಟನ್ನು ಬಿಗಿಯುವುದು. ತಾಯಿಯವರು ಆ ರಾತ್ರಿಯೇ ಕುಳಿತು ಐದು ಬನಿಯನುಗಳಿಗೆ ಕಿಸೆ ಹೊಲಿದುಕೊಟ್ಟರು.

ಮೊದಲ ಪಾಠ ಕಡಲಿನಲ್ಲಿ ನಡೆಯಲಿಲ್ಲ. ಜನವರಿ ೧೨ರ ಭಾನುವಾರ ನಾವು ಎಂಟು ಮಂದಿ ಮಂಗಳೂರಿನ ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ಸೇರಿದೆವು. ಗುರುಪುರ ನದಿಯೆಂದೂ ಕರೆಯುವ ಈ ಹೊಳೆಯು ಇಲ್ಲಿಂದ ತೆಂಕಣಕ್ಕೆ, ಕಡಲಿಗೆ ಸಮಾನವಾಗಿ, ನಡುವೆ ತಣ್ಣೀರುಬಾವಿಯ ಮರಳಿನ ಪಟ್ಟಿಯೊಂದನ್ನಷ್ಟೇ ಇಟ್ಟುಕೊಂಡು ಹರಿದು, ಬೆಂಗ್ರೆಯ ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ದಡದಲ್ಲಿ ಕಾಂಡ್ಲಾ ಗಿಡಗಳು. ನೀರು ಹಾಸಿದ ಜಮಖಾನದಂತೆ ನಿಶ್ಚಲ. ನಮ್ಮ ಮಾರ್ಗದರ್ಶಕನು ಮೊಗವೀರರ ಮನೆಯ ಯುವಕ; ಜೊತೆಗೆ ಅವನ ಸಹಾಯಕನೊಬ್ಬ. ನಮ್ಮನ್ನು ಕಂಡೊಡನೆ ಅವನು "ಬಲೆ, ಬಲೆ" ಎಂದನು. ನಾವು ಬಲೆಯೆಲ್ಲಿ ಎಂದು ಸುತ್ತ ನೋಡಿದೆವು. ತುಳುವಿನಲ್ಲಿ ಬಲೆ ಎಂದರೆ ಬನ್ನಿ ಎಂದರ್ಥವೆಂದು ಬಾಲಕನು ತಿದ್ದಿದನು.

ಕಯಾಕು ಎಂಬುದು ಗ್ರೀನ್‌ಲ್ಯಾಂಡ್ ಮೊದಲಾದ ಹಿಮದ ನಾಡುಗಳ ಇನುಯಿಟ್ ಜನರ ದೋಣಿ. ಎಲುಬಿನ ಅಥವಾ ತೇಲಿಬಂದ ಮರದ ಹಂದರಕ್ಕೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಹೊದಿಸಿ, ಒಬ್ಬನೇ ಕುಳಿತು ಬೇಟೆಗೆ ಹೋಗುವುದಕ್ಕೆಂದು ಮಾಡಿಕೊಂಡದ್ದು. ನಮ್ಮ ತುಂಗಭದ್ರೆಯ ಹರಿಗೋಲು ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ್ದಲ್ಲವೆ? ದೂರದ ಎರಡು ಜನಾಂಗಗಳು ಒಂದೇ ಯುಕ್ತಿಯನ್ನು ಕಂಡುಕೊಂಡವು. ಹರಿಗೋಲು ದುಂಡಗೆ ಸುತ್ತುತ್ತದೆ, ಕಯಾಕು ಬಾಣದಂತೆ ಸಾಗುತ್ತದೆ, ಅಷ್ಟೇ ಭೇದ. ಈಗಿನವು ಗಟ್ಟಿ ಪ್ಲಾಸ್ಟಿಕ್ಕಿನವು, ಒಳಗೆ ಗಾಳಿ ತುಂಬಿದ ಪೊಳ್ಳು, ಮಗುಚಿದರೂ ಮುಳುಗುವುದಿಲ್ಲ. ಮೇಲೆಯೇ ಕುಳಿತುಕೊಳ್ಳುವ ಜೋಡಿ ಆಸನದ ಐದು ಕಯಾಕುಗಳು ನಮಗಾಗಿ ಕಾದಿದ್ದವು.

ಮಾರ್ಗದರ್ಶಕನು ಮೊದಲು ಮಾಡಿಸಿದ್ದು ಬೀಳುವ ಅಭ್ಯಾಸ. ಎಲ್ಲರೂ ಒಂದೊಂದು ಸಲ ಬೇಕೆಂದೇ ನೀರಿಗೆ ಬಿದ್ದು, ಜಾಕೀಟು ತಮ್ಮನ್ನು ಎತ್ತಿಹಿಡಿಯುವುದನ್ನು ಮೈಯಾರೆ ಅರಿತು, ಮತ್ತೆ ಹತ್ತಬೇಕು. ಜಾಕೀಟಿನ ಪಟ್ಟಿಗಳನ್ನು ಅವನು ಒಬ್ಬೊಬ್ಬರಿಗೂ ಎಳೆದು ನೋಡಿದನು. ಹೆಗಲನ್ನು ಹಿಡಿದು ಮೇಲೆತ್ತಿದರೆ ಕಿವಿಯವರೆಗೆ ಜಾರಿಬರುವ ಜಾಕೀಟು ಇದ್ದೂ ಇಲ್ಲದಂತೆ ಎಂದನು. ಮಕ್ಕಳಿಗೆ ದೊಡ್ಡವರ ಅಳತೆಯದನ್ನು ತೊಡಿಸುವ ರೂಢಿಯನ್ನು ನಾವು ಎಷ್ಟೋ ದೋಣಿಗಳಲ್ಲಿ ಕಂಡಿದ್ದೇವೆ. ನಮ್ಮ ಸರದಿ ಬಂದಾಗ, ಸುಳ್ಳೇಕೆ, ೧೯೭೯ರ ಸಂಜೆ ಕಣ್ಣ ಮುಂದೆ ಬಂದು ಕಾಲು ಕೀಳಲಿಲ್ಲ. ಬಾಲಕನ ತಾಯಿ ನಮಗಿಂತ ಮೊದಲು ಬಿದ್ದರು. ಆಮೇಲೆ ನಾಚಿಕೆಯೇ ನಮ್ಮನ್ನು ನೂಕಿತು. ನೀರು ಮೂಗಿನಲ್ಲಿ ಹೊಕ್ಕಿತು, ಕಿವಿಯಲ್ಲಿ ಮೊರೆಯಿತು. ಮರುಕ್ಷಣವೇ ಯಾರೋ ಹಿಂದಿನಿಂದ ಎತ್ತಿದಂತೆ ತಲೆ ಮೇಲಿತ್ತು.

ಹುಟ್ಟು ಹಾಕುವುದರಲ್ಲಿ ಒಂದು ಗುಟ್ಟಿದೆ. ತೋಳಿನಿಂದ ಎಳೆದರೆ ಹತ್ತು ನಿಮಿಷಕ್ಕೆ ಸೋಲುತ್ತೇವೆ. ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ, ಹುಟ್ಟಿನ ಎಲೆಯನ್ನು ಪಾದದ ಬಳಿ ಇಳಿಸಿ, ಸೊಂಟದ ಬಳಿ ಎತ್ತಬೇಕು. ಮಾರ್ಗದರ್ಶಕನು ಇದನ್ನು ನಾಲ್ಕು ಬಗೆಯಲ್ಲಿ ವಿವರಿಸಿದನು, ನಮಗಾರಿಗೂ ಹತ್ತಲಿಲ್ಲ. ಆ ತಾಯಿ, "ಬೀಸುಕಲ್ಲು ಬೀಸಿದ ಹಾಗೆ" ಎಂದರು. ಆ ಮಾತಿನಿಂದ ಎಲ್ಲರಿಗೂ ತಿಳಿಯಿತು. ಚಿಕ್ಕಂದಿನಲ್ಲಿ ಅಜ್ಜಿಯೊಡನೆ ಬೀಸುಕಲ್ಲಿನ ಗೂಟ ಹಿಡಿದ ಕೈಗಳಿಗೆ ಕಯಾಕು ಅಪರಿಚಿತವೆನಿಸಲಿಲ್ಲ. ಆ ದಿನ ನಮ್ಮೊಳಗೆ ನೇರವಾಗಿ ಸಾಗಿದ್ದು ಅವರ ದೋಣಿಯೊಂದೇ. ನಮ್ಮದು ಕಾಂಡ್ಲಾ ಪೊದೆಗೆ ಎರಡು ಸಲ ನುಗ್ಗಿತು. ಹೊಳೆಯ ಅಂಬಿಗರಾಗಿದ್ದ ಚೌಡಯ್ಯನವರು ನಿಷ್ಠುರವಾಗಿ ನುಡಿದವರೆಂದು ಪ್ರವಚನಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಹುಟ್ಟು ಹಿಡಿದವನು ಮೆಲ್ಲಗೆ ನುಡಿಯುವುದು ಎಷ್ಟು ಕಷ್ಟವೆಂದು ಆ ಪೊದೆಯೊಳಗೆ ಗೊತ್ತಾಯಿತು.

ಕಡಲಿಗೆ ಮುಂದಿನ ಭಾನುವಾರ, ಜನವರಿ ೧೯ರಂದು ಹೋದೆವು. ಆ ದಿನವನ್ನು ಆರಿಸಿದುದು ಪಂಚಾಂಗ ನೋಡಿಯೇ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರವಿಳಿತ ದೊಡ್ಡದಾಗಿರುತ್ತದೆ. ಅಷ್ಟಮಿ ಸಮೀಪಿಸಿದಂತೆ ಅದು ತಗ್ಗುತ್ತದೆ. ಹುಣ್ಣಿಮೆ ಕಳೆದು ಆರು ದಿನವಾಗಿತ್ತು. ಗಾಳಿಯ ಲೆಕ್ಕ ಬೇರೆ. ರಾತ್ರಿ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಪಡುವಣದಿಂದ ಕಡಲಗಾಳಿ ಎದ್ದು, ಮಧ್ಯಾಹ್ನದ ಹೊತ್ತಿಗೆ ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣಿಸುತ್ತದೆ. ಆದಕಾರಣ ಹನ್ನೊಂದರೊಳಗೆ ಎಲ್ಲ ಮುಗಿಯಬೇಕು. ಮಂಗಳೂರಿನಿಂದ ಮಲ್ಪೆಗೆ ಅರುವತ್ತು ಕಿಲೋಮೀಟರಿಗೂ ಮಿಗಿಲು. ನಸುಕಿಗೆ ಮುನ್ನ ಪೂಜೆ ಮುಗಿಸಿ ಹೊರಟೆವು. ಕಯಾಕುಗಳನ್ನು ಮೋಟಾರು ದೋಣಿಯ ಮೇಲೆ ಹೇರಿಕೊಂಡು, ಅದೇ ದೋಣಿಯಲ್ಲಿ ನಾವೂ ಕುಳಿತು, ಸುಮಾರು ೬ ಕಿಲೋಮೀಟರ್ ದೂರದ ದ್ವೀಪಗಳತ್ತ ಸಾಗಿದೆವು.

ಇವನ್ನು ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. ಸೇಂಟ್ ಮೇರಿ ಎಂಬ ಹೆಸರು ೧೪೯೮ರಲ್ಲಿ ಬಂದ ವಾಸ್ಕೋ ಡ ಗಾಮನಿಂದ ಬಂದಿತೆಂದು ಪ್ರತೀತಿ. ತೆಂಗಿನ ಮರಗಳಿರುವ ದ್ವೀಪವೇ ಮುಖ್ಯವಾದುದು. ಉದ್ದ ಅರ್ಧ ಕಿಲೋಮೀಟರಿನಷ್ಟು, ಅಗಲ ನೂರು ಮೀಟರಿನಷ್ಟು. ತೀರದಲ್ಲಿ ಮರಳಿಗಿಂತ ಕಪ್ಪೆಚಿಪ್ಪು, ಶಂಖಗಳ ಚೂರೇ ಹೆಚ್ಚು. ಆದರೆ ದೋಣಿ ಹತ್ತಿರ ಬಂದಂತೆ ನಾವು ಬಾಯಿ ಬಿಟ್ಟುಕೊಂಡು ನೋಡಿದ್ದು ಬಂಡೆಗಳನ್ನು. ಬೇಲೂರಿನ ಶಿಲ್ಪಿಗಳು ಕೆತ್ತಿ, ಗುಡಿ ಕಟ್ಟುವ ಮೊದಲೇ ಬಿಟ್ಟುಹೋದ ಕಂಬಗಳ ರಾಶಿಯಂತೆ, ಒಂದಕ್ಕೊಂದು ಒತ್ತಿಕೊಂಡು ನೆಟ್ಟಗೆ ನಿಂತ ಕಲ್ಲುಕಂಬಗಳು. ಕೆಲವು ಆಳೆತ್ತರ, ಕೆಲವು ಅದಕ್ಕೂ ಹೆಚ್ಚು. ತಲೆಯ ಮೇಲಿನಿಂದ ನೋಡಿದರೆ ಒಂದೊಂದಕ್ಕೂ ಐದು ಮೂಲೆ, ಆರು ಮೂಲೆ. ನಮಗೆ ಆ ಕ್ಷಣ ನೆನಪಾದುದು ಗುಡಿಯಲ್ಲ, ಬೇಸಗೆಯ ಕೆರೆಯ ತಳ.

ಆ ನೆನಪು ಸರಿಯಾದುದೇ ಆಗಿತ್ತು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ದ್ವೀಪವೂ ಒಂದೇ ನೆಲವಾಗಿದ್ದು ಬೇರ್ಪಡುತ್ತಿದ್ದಾಗ, ಆ ಸೀಳಿನ ಅಂಚಿನಲ್ಲಿ ಭೂಮಿಯೊಳಗಿನ ಕರಗಿದ ಕಲ್ಲು ಉಕ್ಕಿ ಹರಿಯಿತು. ಹಾಗೆ ಹರಿದ ಲಾವಾ ಮೇಲಿನಿಂದಲೂ ಕೆಳಗಿನಿಂದಲೂ ತಣಿಯತೊಡಗಿದಾಗ ಕುಗ್ಗಿತು, ಕುಗ್ಗಿದಾಗ ಬಿರಿಯಿತು, ಆ ಬಿರುಕುಗಳು ತಣಿಯುವ ಮುಖದಿಂದ ಒಳಕ್ಕೆ ಇಳಿಯುತ್ತಾ ಇಡೀ ಕಲ್ಲನ್ನು ಕಂಬಗಳಾಗಿ ಸೀಳಿದವು. ನೀರಾರಿದ ಎರೆಮಣ್ಣು ಬಿರಿಯುವುದೂ ಇದೇ ನಿಯಮದಿಂದ. ಈ ಕಲ್ಲಿಗೆ ಶಾಸ್ತ್ರಜ್ಞರು ರಯೊಲೈಟ್ ಜಾತಿಯ ಹೆಸರನ್ನಿಟ್ಟಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಸ್ಮಾರಕದ ಕಲ್ಲಿನ ಮೇಲೆ ಹೆಸರು ಕೆತ್ತುವ ಪುಣ್ಯಾತ್ಮರು ಅಲ್ಲಿಗೂ ಬಂದು ಹೋಗಿದ್ದಾರೆ, ಅದನ್ನು ಬಿಡಿ.

ಇನ್ನೊಂದು ಸಂಗತಿಯನ್ನು ಕೇಳಿದರೆ ನಮ್ಮ ಬಯಲುಸೀಮೆಯ ಓದುಗರಿಗೆ ಸಂತೋಷವಾದೀತು. ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ಬೆಳಗಾವಿಗಳ ಕಡೆಯ ಎರೆಭೂಮಿಯ ಬಹುಭಾಗವು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಪದರ ಪದರವಾಗಿ ಹರಿದ ಲಾವಾದ ಕಪ್ಪು ಕಲ್ಲು ಕಾಲಾಂತರದಲ್ಲಿ ಮಾಗಿ ಮಣ್ಣಾದುದು. ಜೋಳದ ಹೊಲದಲ್ಲಿ ಹುಟ್ಟಿದ ನಾವೂ ಜ್ವಾಲಾಮುಖಿಯ ನೆಲದವರೇ. ತೋನ್ಸೆಪಾರಿನ ಕಲ್ಲು ನಮ್ಮ ಊರಿನ ಕಲ್ಲಿಗೆ ಎರಡು ಕೋಟಿ ವರ್ಷ ಹಿರಿಯದು. ಇಂಥ ಕಂಬಗಳು ಐರ್ಲೆಂಡಿನ ತೀರದಲ್ಲೂ ಇವೆಯಂತೆ, ಲೋಕವಿಖ್ಯಾತವಂತೆ. ನಮ್ಮದು ಉಡುಪಿಯ ಪಕ್ಕದಲ್ಲೇ ಇದೆ.

ಈ ಸಾಲಿನಲ್ಲಿ ದರಿಯಾಬಹದ್ದೂರ್‌ಗಡ ಎಂಬ ಇನ್ನೊಂದು ದ್ವೀಪವಿದೆ. ಅದರ ಕೋಟೆಯನ್ನು ಕಟ್ಟಿಸಿದವನು ಬಿದನೂರಿನ ಬಸವಪ್ಪನಾಯಕ. ಕೆಳದಿಯ ಅರಸರು ಶಿವಭಕ್ತರೆಂದೂ, ಮಠಗಳಿಗೆ ಉಂಬಳಿ ಬಿಟ್ಟವರೆಂದೂ ನಾವು ಹೇಳುತ್ತೇವೆ. ಆ ವಂಶದ ಬಸವರಾಜನು ೧೭೦೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶಕ್ಕೆ 'ಶಿವತತ್ತ್ವರತ್ನಾಕರ'ವೆಂದು ಹೆಸರು, ರತ್ನಾಕರವೆಂದರೆ ಸಮುದ್ರ. ಮಲೆನಾಡಿನ ಕಾಡಿನೊಳಗಿನಿಂದ ಆಳಿದ ಈ ಅರಸರು ೧೭೬೩ರಲ್ಲಿ ಹೈದರಾಲಿಯ ಕೈಗೆ ರಾಜ್ಯ ಹೋಗುವವರೆಗೆ ಮಂಗಳೂರಿನ ತೀರವನ್ನೂ ಕಾಯ್ದರು, ಕಡಲ ನಡುವೆ ಕೋಟೆಯನ್ನೂ ಕಟ್ಟಿದರು. ಸಮುದ್ರ ನಮ್ಮವರಿಗೆ ಆಗಿಬರುವುದಿಲ್ಲವೆಂಬ ಮಾತನ್ನು ಅವರು ಕೇಳಿದ್ದರೆ ನಕ್ಕಿರುತ್ತಿದ್ದರು.

ದ್ವೀಪದ ಮೂಡಣ ಮಗ್ಗುಲಲ್ಲಿ ಕಯಾಕುಗಳನ್ನು ಇಳಿಸಿದರು. ಪಡುವಣದ ತೆರೆಗಳನ್ನು ದ್ವೀಪವೇ ಬೆನ್ನಿನಿಂದ ತಡೆದುಕೊಳ್ಳುವುದರಿಂದ ಈ ಕಡೆ ನೀರು ಸಮಾಧಾನವಾಗಿತ್ತು. ಆದರೂ ಹೊಳೆಯ ನೀರಿಗೂ ಕಡಲ ನೀರಿಗೂ ಇರುವ ಅಂತರ ಕುಳಿತೊಡನೆ ತಿಳಿಯಿತು. ಹೊಳೆ ಹರಿಯುತ್ತದೆ, ಕಡಲು ಉಸಿರಾಡುತ್ತದೆ. ತೆರೆಯೊಡೆಯದ ಕಡೆಯಲ್ಲೂ ನೀರು ಒಂದು ಗೇಣು ಮೇಲೇರಿ ಒಂದು ಗೇಣು ಇಳಿಯುತ್ತಿತ್ತು. ಕಲ್ಲುಗಳಿಂದ ಎರಡು ದೋಣಿಯುದ್ದದ ಅಂತರ ಬಿಡಬೇಕೆಂಬುದು ಮಾರ್ಗದರ್ಶಕನ ಕಟ್ಟಪ್ಪಣೆ. ಆ ಅಂತರದಿಂದಲೇ ಕಂಬಗಳ ಸಾಲನ್ನು ಮುಕ್ಕಾಲು ಗಂಟೆ ನೋಡುತ್ತಾ ಹೋದೆವು. ನೀರಿನ ಗೆರೆಯ ಬಳಿ ಕಲ್ಲು ಹಸುರು, ಅದರ ಮೇಲೆ ಚಿಪ್ಪುಗಳ ಬಿಳಿ ಪಟ್ಟಿ, ಅದರ ಮೇಲೆ ಬಿಸಿಲು ಕುಡಿದ ಕಂದು. ಗರುಡವೊಂದು ತೆಂಗಿನ ಗರಿಯಿಂದ ಇಳಿದು, ನೀರನ್ನು ಮುಟ್ಟಿ, ಮತ್ತೆ ಏರಿತು. ಬಾಲಕನು ಕಂಬಗಳ ಮೂಲೆ ಎಣಿಸುತ್ತಿದ್ದನು; ಹುಟ್ಟು ಹಾಕುತ್ತಿದ್ದುದು ಅವನ ತಾಯಿ.

ಸ್ನಾರ್ಕೆಲಿಂಗ್ ಎಂಬ ಕ್ರಿಯೆ ಹೆಸರಿನಷ್ಟು ಕಠಿಣವಲ್ಲ. ಕಣ್ಣುಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ. ಮುಖವನ್ನು ನೀರೊಳಗಿಟ್ಟು ತೇಲಿದರೆ ಕೊಳವೆಯ ತುದಿ ಮೇಲಿರುತ್ತದೆ. ಕೊಳವೆಯ ಉದ್ದ ಮೊಳಕ್ಕಿಂತ ತುಸು ಕಡಿಮೆ. ಇನ್ನೂ ಉದ್ದದ ಕೊಳವೆಯಿಟ್ಟು ತಳಕ್ಕೇ ಹೋಗಬಾರದೇಕೆ ಎಂದು ಬಾಲಕನು ಕೇಳಿದನು. ಒಂದು ಮೀಟರ್ ಆಳದಲ್ಲೇ ನೀರಿನ ಒತ್ತಡ ಎದೆಯನ್ನು ಅದುಮಿ, ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಬಿಡುವುದಿಲ್ಲ. ಅಲ್ಲದೆ ಬಿಟ್ಟ ಉಸಿರು ಉದ್ದ ಕೊಳವೆಯಲ್ಲೇ ಉಳಿದು ಮತ್ತೆ ಅದನ್ನೇ ಎಳೆದುಕೊಳ್ಳಬೇಕಾಗುತ್ತದೆ. ಕನ್ನಡಕವನ್ನು ದೋಣಿಯಲ್ಲಿಟ್ಟು ನಾವು ಮುಖವಾಡ ಧರಿಸಿದೆವು. ಮೊದಲ ಯತ್ನದಲ್ಲೇ ಉಪ್ಪುನೀರು ಕುಡಿದೆವು. ಕಂಡುದನ್ನು ಪಕ್ಕದವರಿಗೆ ಹೇಳಲು ಬಾಯಿ ತೆರೆದುದೇ ಕಾರಣ. ನಲವತ್ತು ವರ್ಷ ಪ್ರವಚನ ಮಾಡಿದವರ ದುರಭ್ಯಾಸ. ಮೂರನೆಯ ಯತ್ನಕ್ಕೆ ಉಸಿರು ಹಿಡಿತಕ್ಕೆ ಬಂದಿತು. ನೀರೊಳಗೆ ಬೇರೆ ಸದ್ದಿಲ್ಲ; ನಮ್ಮ ಉಸಿರಿನ ಸದ್ದೊಂದೇ, ಒಳಗೆ ಹೊರಗೆ, ಕಿವಿಯ ಪಕ್ಕದಲ್ಲಿ.

ಮೇಲೆ ಕಂಡ ಕಂಬಗಳು ನೀರಿನ ಕೆಳಗೂ ಮುಂದುವರಿದಿದ್ದವು. ಕೆಲವು ಕಡೆ ಅವುಗಳ ತಲೆಗಳಷ್ಟೇ ಕಾಣುತ್ತಾ ದೇಗುಲದ ನೆಲಗಟ್ಟಿನಂತೆ ಹಾಸಿದ್ದವು. ಹಾಸಿನ ಸಂದುಗಳಲ್ಲಿ ಪಾಚಿ ತೂಗಾಡುತ್ತಿತ್ತು. ನೀರೊಳಗಿನ ವಸ್ತುಗಳು ಬೆಳಕಿನ ಬಾಗುವಿಕೆಯಿಂದ ಮೂರನೆಯ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ತೋರುತ್ತವೆ. ಕೈ ಚಾಚಿದರೆ ಸಿಗಬೇಕಾದ ಕಲ್ಲು ಸಿಗುವುದಿಲ್ಲ. ಕಲ್ಲಿಗೆ ಅಂಟಿದ ಹಸುರು ಚಿಪ್ಪಿನ ಪಚ್ಚಿಲೆಗಳು, ಎಸಳುಗಳನ್ನು ಬಿಚ್ಚಿ ಮುಚ್ಚುವ ಹೂವಿನಂಥ ಜೀವಿ, ಅಡ್ಡಡ್ಡ ಓಡುವ ಏಡಿ. ಆಮೇಲೆ ಮೀನುಗಳು. ಪಟ್ಟೆಯ ಮೈಯ, ಅಂಗೈಯಗಲದ ಒಂದು ಹಿಂಡು ನಮ್ಮ ಮುಖದ ಮುಂದೆಯೇ ಬಂದು ನಿಂತಿತು. ಒಂದರ ಬಾಲ ಅಲುಗಿದೊಡನೆ ಎಲ್ಲವೂ ಒಟ್ಟಿಗೆ ತಿರುಗಿದವು.

ಇಲ್ಲೊಂದು ಮಾತನ್ನು ಒಪ್ಪಿಕೊಳ್ಳಬೇಕು. ಶಾಕಾಹಾರಿಗಳಾದ ನಮಗೆ ಮಂಗಳೂರಿನಲ್ಲಿ ಮೀನೆಂದರೆ ಮೂಗು ಮುಚ್ಚಿಕೊಂಡು ದಾಟುವ ಸಂತೆಯ ಒಂದು ಬೀದಿ. ಬಂಗುಡೆ, ಬೂತಾಯಿ ಎಂಬ ಹೆಸರುಗಳು ಗೊತ್ತಿದ್ದರೂ ಜ್ಞಾನವೆಲ್ಲ ವಾಸನೆಗೆ ಮುಗಿಯುತ್ತಿತ್ತು. ದಯೆಯ ವಿಷಯದಲ್ಲಿ ಗಂಟೆಗಟ್ಟಲೆ ಮಾತಾಡಿದ ನಾವು, ಯಾವ ಜೀವಿಯ ಮೇಲೆ ದಯೆಯಿಡಬೇಕೋ ಅದನ್ನು ಅದರ ಮನೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಆ ಹಿಂಡು ನಮ್ಮನ್ನು ಕಂಡು ಹೆದರಲೂ ಇಲ್ಲ, ಗೌರವಿಸಲೂ ಇಲ್ಲ. ಹಿಂಡಿನ ಆಚೆಗೆ ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡು ತೂಗಾಡುತ್ತಿದ್ದುದನ್ನು ಇನ್ನೊಂದು ಜೀವಿಯೆಂದುಕೊಂಡೆವು. ಕುರುಕಲು ತಿಂಡಿಯ ಪೊಟ್ಟಣ.

ಹತ್ತು ಗಂಟೆಗೆ ಎಲ್ಲರನ್ನೂ ನೀರಿನಿಂದ ಎಬ್ಬಿಸಿ, ಮಾರ್ಗದರ್ಶಕನು ದ್ವೀಪವನ್ನು ನಡೆದು ದಾಟಿಸಿ ಪಡುವಣ ಮಗ್ಗುಲಿಗೆ ಕರೆದೊಯ್ದನು. ಒಣಗಿದ ಎತ್ತರದ ಜಾಗದಲ್ಲಿ ನಿಲ್ಲಿಸಿದನು. ಹಸುರು ಕಂಡಲ್ಲಿ ಕಾಲಿಡಬೇಡಿ, ಪಾಚಿಯ ಮೇಲೆ ಜಾರಿದವನನ್ನು ಮುಂದಿನ ತೆರೆ ಎತ್ತಿಕೊಳ್ಳುತ್ತದೆ ಎಂದನು. ಕೆಳಗೆ ಎರಡು ಬಂಡೆಗಳ ನಡುವೆ ಚಿಪ್ಪಿನ ಸಣ್ಣ ತೀರ. ಎಡಗಡೆ ತೆರೆಗಳು ಒಡೆಯುತ್ತಿದ್ದವು, ಬಲಗಡೆಯೂ ಒಡೆಯುತ್ತಿದ್ದವು. ನಡುವೆ ಎರಡು ಮಾರಗಲದ ಪಟ್ಟಿಯೊಂದರಲ್ಲಿ ಮಾತ್ರ ಒಡೆಯುತ್ತಿರಲಿಲ್ಲ. ಅಲ್ಲಿ ನೀರು ಕಪ್ಪಾಗಿ, ನುಣ್ಣಗೆ ಇತ್ತು. "ಸ್ನಾನಕ್ಕೆ ಇಳಿಯುವುದಾದರೆ ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿದನು. ಎಂಟು ಮಂದಿಯೂ ನಡುವಿನ ಶಾಂತವಾದ ಜಾಗವನ್ನೇ ತೋರಿಸಿದೆವು. ಅವನು ಬಿದ್ದಿದ್ದ ತೆಂಗಿನ ಸಿಪ್ಪೆಯೊಂದನ್ನು ಆ ಜಾಗಕ್ಕೆ ಎಸೆದನು. ಸಿಪ್ಪೆ ಒಂದು ಕ್ಷಣ ನಿಂತಿತು. ಆಮೇಲೆ ದಡಕ್ಕೆ ಬೆನ್ನುಹಾಕಿ, ಯಾರೋ ದಾರ ಕಟ್ಟಿ ಎಳೆದಂತೆ, ನೆಟ್ಟಗೆ ಕಡಲಿನ ಕಡೆಗೆ ಹೊರಟಿತು.

ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಅದು ಇಕ್ಕಟ್ಟಾದ ಒಂದು ದಾರಿ ಹುಡುಕಿಕೊಂಡು ರಭಸದಿಂದ ಹೊರಗೆ ಹರಿಯುತ್ತದೆ. ಆ ದಾರಿಯಲ್ಲಿ ಆಳ ಹೆಚ್ಚಿರುವುದರಿಂದ ತೆರೆ ಒಡೆಯುವುದಿಲ್ಲ. ಆದಕಾರಣವೇ ಅರಿಯದವರ ಕಣ್ಣಿಗೆ ಅದು ಸುರಕ್ಷಿತವೆಂದು ತೋರುತ್ತದೆ. ಮರಳಿನ ತೀರಗಳಲ್ಲೂ ಹೀಗೆಯೇ; ಇಂದು ಇಲ್ಲಿದ್ದ ಸೆಳವು ನಾಳೆ ನೂರು ಹೆಜ್ಜೆ ಆಚೆ ಇರಬಹುದು. ಅದು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ವೇಗ ಒಮ್ಮೊಮ್ಮೆ ಸೆಕೆಂಡಿಗೆ ಎರಡು ಮೀಟರನ್ನೂ ಮೀರುತ್ತದೆ. ಅದರೆದುರು ಯಾವ ಈಜುಗಾರನೂ ದಡದತ್ತ ಈಜಿ ಗೆಲ್ಲಲಾರ. ಗೆಲ್ಲಲು ಹೋದವನ ಕೈ ಸೋಲುತ್ತದೆ, ಸೋತ ಮೇಲೆ ಮುಳುಗುತ್ತಾನೆ. ಸಿಕ್ಕಿಕೊಂಡವನು ಮಾಡಬೇಕಾದುದು ಇಷ್ಟು: ದಡದತ್ತ ಹೋರಾಡದೆ ಅಂಗಾತ ತೇಲಿ ಉಸಿರು ಉಳಿಸಿಕೊಳ್ಳುವುದು, ಕೈಯೆತ್ತಿ ಕೂಗುವುದು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜುವುದು. ಪಟ್ಟಿ ಇಕ್ಕಟ್ಟಾದುದು, ಪಕ್ಕಕ್ಕೆ ಸರಿದು ಅದನ್ನು ದಾಟಿದರೆ ತೆರೆಗಳೇ ದಡಕ್ಕೆ ತಂದುಬಿಡುತ್ತವೆ. ದಡದಲ್ಲಿದ್ದವರು ಬೆನ್ನಟ್ಟಿ ಹಾರಬಾರದು. ತೇಲುವ ಏನನ್ನಾದರೂ, ಖಾಲಿ ಕ್ಯಾನಾದರೂ ಸರಿ, ಎಸೆಯಬೇಕು.

ಇಷ್ಟನ್ನು ಅವನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದನು. ನಾವು ಸಿಪ್ಪೆಯನ್ನು ನೋಡುತ್ತಲೇ ಇದ್ದೆವು. ಬಾವಿಯಲ್ಲಿ ಕಲಿತ ಈಜು ಅವನಿಗೆ ಒಂದೇ ವಿದ್ಯೆಯನ್ನು ಕಲಿಸಿತ್ತು: ದಡ ಕಂಡರೆ ದಡದತ್ತಲೇ ಈಜಬೇಕು. ಬಾವಿಯ ನೀರು ನಿಂತ ನೀರು, ಅಲ್ಲಿ ಆ ವಿದ್ಯೆ ಸಾಕು. ಅವನು ಐವತ್ತು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ! ಅದನ್ನು ಅಂದು ದಡದಿಂದ ಕೂಗಿ ಹೇಳಬಲ್ಲವನು ಒಬ್ಬನಿದ್ದಿದ್ದರೆ! ನಾವು ಹೇಳದೆಯೇ ಆ ತಾಯಿಗೆ ಏನೋ ತಿಳಿದಿರಬೇಕು. ಮಗನ ಹೆಗಲ ಮೇಲೆ ಕೈಯಿಟ್ಟು, ಈಗ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳೆಂದು ಅವನಿಂದ ಒಪ್ಪಿಸಿಕೊಂಡರು. ಅವನು ವಚನ ಒಪ್ಪಿಸುವ ಧಾಟಿಯಲ್ಲಿ ಒಂದೂ ತಪ್ಪದೆ ಒಪ್ಪಿಸಿದನು.

ಹನ್ನೊಂದರ ಹೊತ್ತಿಗೆ ಪಡುವಣ ಗಾಳಿ ಎದ್ದಿತು. ದೋಣಿ ಮಲ್ಪೆಗೆ ಮರಳುವಾಗ ಬೆಳಗಿನ ಸಮಾಧಾನದ ನೀರು ಗುರುತು ಸಿಗದಂತೆ ಕೆದರಿತ್ತು. ಬಾಲಕನು ಏಳು ಮೂಲೆಯ ಕಂಬವೊಂದನ್ನು ಕಂಡೆನೆಂದು ವಾದಿಸುತ್ತಾ ವಾದಿಸುತ್ತಾ ತಾಯಿಯ ತೊಡೆಯ ಮೇಲೆ ನಿದ್ದೆಹೋದನು. ಏಳು ಮೂಲೆಯವೂ ಇರುತ್ತವೆ. ಅವನ ಮಾತು ನಿಜವಿರಬಹುದು.

ಸಂಜೆ ಮಂಗಳೂರಿನ ಮನೆಯಲ್ಲಿ ಸ್ನಾನ ಮಾಡಿ ಪೂಜೆಗೆ ಕುಳಿತು ಕರಡಿಗೆಯನ್ನು ತೆರೆದೆವು. ಪಾವುಡ ತೇವವಾಗಿತ್ತು. ದಾರ ಗಟ್ಟಿಯಾಗಿಯೇ ಇತ್ತು. ಬೆಳ್ಳಿಯ ಮುಚ್ಚಳದ ಅಂಚಿನಲ್ಲಿ ಉಪ್ಪು ಆರಿ ಬಿಳಿಯ ಗೆರೆಯೊಂದು ಮೂಡಿತ್ತು. ಸಿಹಿನೀರಿನಿಂದ ಎರಡು ಸಲ ತೊಳೆದು, ಒರೆಸಿ, ಪೂಜೆ ಮಾಡಿದೆವು.